ರಾತ್ರಿ ಶಿಫ್ಟ್ ಮಾಡಿ ಹಗಲು ಬಿಇ ಓದಲು ಆಗುತ್ತಾ? ಗೊತ್ತಿರುವವರು ದಯವಿಟ್ಟು ಹೇಳಿ

ಪೀಣ್ಯ ಡಿಪ್ಲೊಮಾ
ಎಲ್ಲರಿಗೂ ನಮಸ್ಕಾರ. ನನ್ನದು ಶಿರಾ ಹತ್ತಿರದ ಹಳ್ಳಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡುತ್ತಿದ್ದೇನೆ. ಎರಡು ವರ್ಷ ದಾಟಿದೆ. ಕೈಗೆ 19 ಸಾವಿರ ಬರುತ್ತದೆ, ಅದರಲ್ಲಿ 8 ಸಾವಿರ ಊರಿಗೆ ಕಳಿಸಲೇಬೇಕು. ತಂಗಿ ಪಿಯುಸಿ ಓದುತ್ತಿದ್ದಾಳೆ, ಅಪ್ಪನಿಗೆ ಕೈಲಾಗುವುದಿಲ್ಲ.

ಈ ಸಲ ಡಿಸಿಇಟಿ, ಅಂದರೆ ಡಿಪ್ಲೊಮಾ ಮುಗಿಸಿದವರ ಬಿಇ ಪ್ರವೇಶ ಪರೀಕ್ಷೆ, ಬರೆದಿದ್ದೆ. ರ‍್ಯಾಂಕ್ ಚೆನ್ನಾಗಿ ಬಂದಿದೆ. ನೇರ ಎರಡನೇ ವರ್ಷದ ಬಿಇಗೆ ಸೀಟು ಸಿಗುವ ಹಾಗಿದೆ. ಕೆಲಸ ಮಾತ್ರ ಬಿಡುವ ಹಾಗಿಲ್ಲ. ನನ್ನ ಲೆಕ್ಕ ಹೀಗಿದೆ: ರಾತ್ರಿ 10ರಿಂದ ಬೆಳಿಗ್ಗೆ 6ರ ಶಿಫ್ಟನ್ನೇ ಖಾಯಂ ಕೇಳಿಕೊಳ್ಳುವುದು, 9ರಿಂದ 4ರವರೆಗೆ ಕಾಲೇಜು, ಸಂಜೆ ನಿದ್ದೆ. ರಾತ್ರಿ ಶಿಫ್ಟ್ ಯಾರಿಗೂ ಬೇಡ, ಕೇಳಿದರೆ ತಕ್ಷಣ ಕೊಡುತ್ತಾರೆ. ನೈಟ್ ಅಲೋಯೆನ್ಸ್ ಕೂಡ ಸಿಗುತ್ತದೆ. ಹೀಗೆ ಮೂರು ವರ್ಷ ತಳ್ಳಲು ಆಗುತ್ತಾ? ಯಾರಾದರೂ ಮಾಡಿದ್ದೀರಾ?

ನೈಟ್‌ಶಿಫ್ಟ್ ಬಿಕಾಂ
ಮಾಡಿದ್ದೇನೆ ಬ್ರದರ್, ಆದರೆ ನನ್ನದು ಬಿಕಾಂ. ಕಾಲ್ ಸೆಂಟರ್‌ನಲ್ಲಿ ರಾತ್ರಿ ಕೆಲಸ, ಹಗಲು ಡಿಗ್ರಿ ಕಾಲೇಜು. ನಮ್ಮದು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1ಕ್ಕೆ ಮುಗಿಯುತ್ತಿತ್ತು. 2ಕ್ಕೆ ಮಲಗಿದರೆ 8ಕ್ಕೆ ಏಳುತ್ತಿದ್ದೆ. ಒಟ್ಟಿಗೆ ಆರು ಗಂಟೆ ನಿದ್ದೆ ಸಿಗುತ್ತಿತ್ತು ನೋಡಿ, ಅದೊಂದೇ ನನ್ನನ್ನು ಉಳಿಸಿದ್ದು. ಆಫೀಸಿನ ಕ್ಯಾಬ್ ಮನೆ ಬಾಗಿಲಿಗೆ ಬರುತ್ತಿತ್ತು, ಪ್ರಯಾಣದ ಸುಸ್ತು ಇರಲಿಲ್ಲ. ಕಾಲ್ ಕಡಿಮೆ ಇರುವ ಹೊತ್ತಿನಲ್ಲಿ ಕುಳಿತಲ್ಲೇ ಅಕೌಂಟ್ಸ್ ಲೆಕ್ಕ ಮಾಡುತ್ತಿದ್ದೆ.

ನಿಮ್ಮದು ಹಾಗಲ್ಲ. ನೀವು 4ಕ್ಕೆ ಕಾಲೇಜು ಬಿಟ್ಟು ರೂಮು ಸೇರುವಾಗ 5 ದಾಟಿರುತ್ತದೆ. 9ಕ್ಕೆ ಮತ್ತೆ ಹೊರಡಬೇಕು. ಊಟ, ಸ್ನಾನ ತೆಗೆದರೆ ಸಂಜೆ ಮೂರು ಗಂಟೆ, ಬೆಳಿಗ್ಗೆ ಒಂದು ಗಂಟೆ. ಅದೂ ರೂಮ್‌ಮೇಟ್‌ಗಳು ಟಿವಿ ಹಾಕಿಕೊಂಡು ಕೂರುವ ಹೊತ್ತು. ಮೊದಲ ತಿಂಗಳು ಏನೂ ಅನಿಸುವುದಿಲ್ಲ, ಹುಮ್ಮಸ್ಸಿನಲ್ಲಿ ನಡೆದುಹೋಗುತ್ತದೆ. ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಟೆಸ್ಟ್) ಬಂದಾಗ ಮೈ ಕೈಕೊಡುತ್ತದೆ. ಜಾಸ್ತಿ ಜನ ಬಿಡುವುದು ಅಲ್ಲೇ.

ಲ್ಯಾಬ್ ಮೇಷ್ಟ್ರು
ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವನು. ಇಂಥ ಹುಡುಗರನ್ನು ಪ್ರತಿ ವರ್ಷ ನೋಡುತ್ತೇನೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಹಾಜರಿ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರತಿ ವಿಷಯಕ್ಕೂ 85% ಬೇಕು. ಕಾಯಿಲೆಯಂಥ ಸರಿಯಾದ ಕಾರಣ ಇದ್ದರೆ ಇನ್ನು 10% ರಿಯಾಯಿತಿ ಸಿಗಬಹುದು. 75%ಗಿಂತ ಕೆಳಗೆ ಹೋದರೆ ಆ ವಿಷಯದ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವಿಷಯಕ್ಕೆ 50 ತರಗತಿ ಅಂದುಕೊಳ್ಳಿ. 43ಕ್ಕೆ ನೀವು ಇರಲೇಬೇಕು. ತಪ್ಪಿಸಬಹುದಾದದ್ದು ಏಳು. ತಂಗಿಗೆ ಜ್ವರ, ಊರ ಜಾತ್ರೆ, ಫ್ಯಾಕ್ಟರಿಯಲ್ಲಿ ಅರ್ಜೆಂಟ್ ಆರ್ಡರ್, ನಿಮಗೇ ಕಾಯಿಲೆ, ಎಲ್ಲವೂ ಆ ಏಳರಲ್ಲೇ ಆಗಬೇಕು.

ಎರಡನೆಯದು ಅಂಕ. 100ರಲ್ಲಿ 50 ಅಂಕ ಇಂಟರ್ನಲ್ಸ್‌ದು. ಅದರಲ್ಲಿ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೆ ಅರ್ಹತೆಯೇ ಇಲ್ಲ. ಕೊನೆ ತಿಂಗಳು ರಜೆ ಹಾಕಿ ಓದಿ ಪಾಸಾಗುವ ಕಾಲ ಇದಲ್ಲ. ಟೆಸ್ಟ್, ಅಸೈನ್‌ಮೆಂಟ್, ಲ್ಯಾಬ್ ರೆಕಾರ್ಡ್ ಅಂತ ವಾರ ವಾರವೂ ಏನಾದರೊಂದು ಇದ್ದೇ ಇರುತ್ತದೆ. ಲ್ಯಾಬ್‌ಗೆ ಬದಲಿ ಇಲ್ಲ, ನೋಟ್ಸ್ ಫೋಟೊ ತರಿಸಿಕೊಂಡರೆ ಆಗುವುದಿಲ್ಲ.

ಮೂರನೆಯದು ವಾರದ ಲೆಕ್ಕ. ವಾರಕ್ಕೆ 168 ಗಂಟೆ. ಶಿಫ್ಟ್ ಎಂಟು ಗಂಟೆ, ಓಡಾಟ ಒಂದೂವರೆ. ಆರು ದಿನಕ್ಕೆ 57. ಕಾಲೇಜು ಐದು ದಿನ ಏಳೇಳು ಗಂಟೆ, ಶನಿವಾರ ನಾಲ್ಕು, ಓಡಾಟ ಒಂಬತ್ತು. ಒಟ್ಟು 48. ಉಳಿದದ್ದು 63. ದಿನಕ್ಕೆ ಏಳು ಗಂಟೆ ನಿದ್ದೆ ಮಾಡಿದರೆ 49 ಹೋಯಿತು. ಉಳಿದ 14 ಗಂಟೆಯಲ್ಲಿ ಸ್ನಾನ, ಊಟ, ಬಟ್ಟೆ ಒಗೆಯುವುದು, ಓದುವುದು ಎಲ್ಲಾ ಆಗಬೇಕು. ಮೇಲೆ ಹೇಳಿದ ಹಾಗೆ ವಾರದ ದಿನಗಳಲ್ಲಿ ಆ ಏಳು ಗಂಟೆಯ ನಿದ್ದೆಯೂ ಸಿಗುವುದಿಲ್ಲ.

ನಿಮ್ಮ ಛಲದ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ಈ ಲೆಕ್ಕದಲ್ಲಿ ಛಲಕ್ಕೆ ಜಾಗವೇ ಇಲ್ಲ. ಹಾಜರಿ ನಿಯಮವೂ ಬಗ್ಗುವುದಿಲ್ಲ, ಶಿಫ್ಟಿನ ಗಂಟೆಯೂ ಬಗ್ಗುವುದಿಲ್ಲ. ಕೊನೆಗೆ ಬಗ್ಗುವುದು ದೇಹ.

ಪೀಣ್ಯ ಡಿಪ್ಲೊಮಾ
ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಬೇರೆ ದಾರಿ ಏನಿದೆ? "ನೀನು ಫೀಸ್ ಕಟ್ಟು, ಹಾಜರಿ ನಾವು ನೋಡಿಕೊಳ್ಳುತ್ತೇವೆ" ಅಂತ ಒಬ್ಬ ಏಜೆಂಟ್ ಹೇಳಿದ್ದಾನೆ.

ಲ್ಯಾಬ್ ಮೇಷ್ಟ್ರು
ಆ ಏಜೆಂಟ್ ಸಹವಾಸ ಬೇಡ. ದುಡ್ಡು ನಿಮ್ಮದು, ಡಿಗ್ರಿ ನಿಮ್ಮದು, ನಾಳೆ ತಕರಾರು ಬಂದರೆ ಉತ್ತರ ಕೊಡಬೇಕಾದವರೂ ನೀವೇ. ಅವನು ಫೋನೂ ಎತ್ತುವುದಿಲ್ಲ. ಅದೂ ಅಲ್ಲದೆ ಕ್ಲಾಸಿಗೆ ಬಾರದೆ ಬಿಇ ತೆಗೆದುಕೊಂಡವನು ಇಂಟರ್‌ವ್ಯೂನಲ್ಲಿ ಮೊದಲ ಹತ್ತು ನಿಮಿಷದಲ್ಲೇ ಸಿಕ್ಕಿಬೀಳುತ್ತಾನೆ.

ದಾರಿ ಇದೆ. ಡಿಸಿಇಟಿ ಬರೆದಿದ್ದೀರಿ ಅಲ್ವಾ, ಆ ಪರೀಕ್ಷೆ ಹಗಲು ಬಿಇಗೆ ಮಾತ್ರ ಅಲ್ಲ, ಸಂಜೆ ಬಿಇಗೂ ಅದೇ. ಕೆಲಸದಲ್ಲಿ ಇರುವವರಿಗೆ ಅಂತಲೇ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) 2023-24ರಿಂದ ಹೊಸ ವ್ಯವಸ್ಥೆ ತಂದಿದೆ. ಅನುಮತಿ ಪಡೆದ ಕಾಲೇಜುಗಳು ಕೆಲಸಗಾರರಿಗೆ ಹೊಂದುವ ಸಮಯದಲ್ಲಿ, ಹೆಚ್ಚಾಗಿ ಸಂಜೆ, ತರಗತಿ ನಡೆಸಬಹುದು. ಕನಿಷ್ಠ ಒಂದು ವರ್ಷ ಪೂರ್ಣಾವಧಿ ಕೆಲಸದ ಅನುಭವ ಇರಬೇಕು. ಕೆಲಸದ ಜಾಗ ಕಾಲೇಜಿನಿಂದ ನಿಗದಿತ ದೂರದೊಳಗೆ ಇರಬೇಕು. ನಿಮಗೆ ಎರಡು ವರ್ಷದ ಅನುಭವ ಇದೆ, ಪೀಣ್ಯದಲ್ಲಿ ಇದ್ದೀರಿ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪಟ್ಟಿ ಬಂದಾಗ ಯಾವ ಕಾಲೇಜಿನಲ್ಲಿ ಯಾವ ಬ್ರಾಂಚಿಗೆ ಸಂಜೆ ಸೀಟು ಇದೆ ಅಂತ ನೋಡಿ. ಸೀಟು ಕಡಿಮೆ ಇರುತ್ತದೆ, ಅದಕ್ಕೇ ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವಾಗ, ಅವನ್ನು ಮೇಲೆ ಹಾಕಿ.

ಹಳೇ ಫಿಟ್ಟರ್
ಮೇಷ್ಟ್ರು ಹೇಳಿದ್ದು ಸರಿ ಕಣಪ್ಪಾ. ಸಂಜೆ ಓದು ಬೆಂಗಳೂರಿಗೆ ಹೊಸದಲ್ಲ. ಎಚ್‌ಎಎಲ್, ಐಟಿಐ (ಟೆಲಿಫೋನ್ ಕಾರ್ಖಾನೆ), ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದ ಮೇಲೆ ಈ ಊರಲ್ಲಿ ಹಗಲು ದುಡಿದು ಸಂಜೆ ಓದಿದವರು ಬೇಕಾದಷ್ಟು ಜನ. ಎಸ್‌ಜೆಪಿ ಪಾಲಿಟೆಕ್ನಿಕ್‌ನಲ್ಲಿ ಸಂಜೆ ಡಿಪ್ಲೊಮಾ ಇತ್ತು, ಬಸವನಗುಡಿಯ ಬಿಎಂಎಸ್‌ನಲ್ಲಿ ಸಂಜೆ ಬಿಇ ಇತ್ತು. ನಮ್ಮ ಶಾಪಿನಲ್ಲಿ ನನ್ನ ಜೊತೆ ಬೆಂಚ್ ಹಂಚಿಕೊಂಡಿದ್ದವರು ಹಾಗೇ ಓದಿ ಇಂಜಿನಿಯರ್ ಆದರು. ನಾನೂ ಸಂಜೆ ಓದಿದವನೇ.

ಒಂದು ವಿಷಯ ಚೆನ್ನಾಗಿ ತಿಳಿದುಕೋ. ಸಂಜೆ ಕಾಲೇಜಿಗೆ ಶತ್ರು ನೈಟ್ ಶಿಫ್ಟ್ ಅಲ್ಲ, ಸೆಕೆಂಡ್ ಶಿಫ್ಟ್. ಮಧ್ಯಾಹ್ನ 2ರಿಂದ ರಾತ್ರಿ 10. ಆ ವಾರ ಬಂತು ಅಂದರೆ ಒಂದು ತರಗತಿಯೂ ಸಿಗುವುದಿಲ್ಲ. ಮೂರು ವಾರಕ್ಕೊಮ್ಮೆ ಅದು ಬಂದೇ ಬರುತ್ತದೆ, ಹಾಜರಿ ಮೂರರಲ್ಲಿ ಒಂದು ಭಾಗ ಅಲ್ಲೇ ಹೋಯಿತು. ಅದಕ್ಕೇ ನೀನು ಕೇಳಬೇಕಾದದ್ದು ಖಾಯಂ ಫಸ್ಟ್ ಶಿಫ್ಟ್. 6ಕ್ಕೆ ಹೋಗಿ 2ಕ್ಕೆ ಬಿಟ್ಟರೆ ರೂಮಿಗೆ ಹೋಗಿ ಉಂಡು ಒಂದೂವರೆ ಗಂಟೆ ಮಲಗಿ ಕಾಲೇಜಿಗೆ ಹೋಗಬಹುದು. ರಾತ್ರಿ 10ಕ್ಕೆ ಮಲಗಿದರೆ ಬೆಳಿಗ್ಗೆ ನಾಲ್ಕೂವರೆಗೆ ಏಳಬಹುದು. ಕಷ್ಟವೇ, ಆದರೆ ರಾತ್ರಿ ಮಲಗುತ್ತೀಯ. ಮನುಷ್ಯ ರಾತ್ರಿ ಮಲಗಬೇಕು.

ರಾತ್ರಿ ಶಿಫ್ಟಿನಲ್ಲಿ ಮೂರೂವರೆ, ನಾಲ್ಕು ಗಂಟೆ ಹೊತ್ತು ಹೇಗಿರುತ್ತದೆ ಅಂತ ನಿನಗೇ ಗೊತ್ತು. ಮೈಕ್ರೋಮೀಟರ್ ಹಿಡಿದು ಅದೇ ಪೀಸನ್ನು ಎರಡು ಸಲ ಅಳೆಯುತ್ತೀಯ, ರೀಡಿಂಗ್ ಮಾತ್ರ ತಲೆಗೆ ಹೋಗುವುದಿಲ್ಲ. ಕೂಲೆಂಟ್ ವಾಸನೆ, ಮೆಷಿನ್ ಸದ್ದು ಎಲ್ಲಾ ಸೇರಿ ಕಣ್ಣು ಎಳೆಯುತ್ತದೆ. ಹಗಲು ಮಲಗಿ ಬಂದವನಿಗೇ ಹೀಗೆ. ಹಗಲೆಲ್ಲ ಕಾಲೇಜಿನಲ್ಲಿ ಕೂತು ಬಂದವನು ಪ್ರೆಸ್ ಹತ್ತಿರವೋ ಲೇತ್ ಹತ್ತಿರವೋ ಓಡಾಡಿದರೆ ಬೆರಳು ಹೋಗಲು ಒಂದು ಕ್ಷಣ ಸಾಕು. ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಬೇಡ.

ಹಾವೇರಿ ಅಕ್ಕ
ನಾನು ಸಹಕಾರ ಸಂಘದಲ್ಲಿ ಕ್ಲರ್ಕ್. ಮನೆ, ಮಕ್ಕಳು, ಕೆಲಸ ಎಲ್ಲಾ ಇಟ್ಟುಕೊಂಡು ಕೆಎಸ್‌ಒಯು (ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ) ಮೂಲಕ ಬಿಕಾಂ ಮಾಡಿದೆ, ಈಗ ಎಂಕಾಂ ಓದುತ್ತಿದ್ದೇನೆ. ತಮ್ಮಾ, ನಿನಗೆ ಬಿಇ ಬೇಕಾದ್ದರಿಂದ ದೂರಶಿಕ್ಷಣ ಆಗುವುದಿಲ್ಲ. ಇಂಜಿನಿಯರಿಂಗ್ ಅನ್ನು ಅಂಚೆ ಮೂಲಕ ಕೊಡುವ ಹಾಗಿಲ್ಲ ಅಂತ ನಿಯಮವೇ ಇದೆ. ಅಂಥ ಡಿಗ್ರಿಗಳ ಬಗ್ಗೆ 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೂ ಬಂದಿದೆ. ಯಾರಾದರೂ "ಮನೆಯಲ್ಲೇ ಕೂತು ಬಿಟೆಕ್" ಅಂದರೆ ನಂಬಬೇಡ.

ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಹೇಳುತ್ತೇನೆ. ಬಿಎ, ಬಿಕಾಂ, ಎಂಎ, ಎಂಕಾಂ ಬೇಕಾದವರು ಹಗಲು ಕಾಲೇಜು ಸೇರಿ ಒದ್ದಾಡಬೇಕಾಗಿಲ್ಲ. ಮಾನ್ಯತೆ ಇರುವ ದೂರಶಿಕ್ಷಣ, ಆನ್‌ಲೈನ್ ಡಿಗ್ರಿಗಳು ಮಾಮೂಲಿ ಡಿಗ್ರಿಗೆ ಸಮಾನ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ನೋಡಬೇಕಾದದ್ದು ಮಾನ್ಯತೆ ಒಂದೇ. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೆ ಇದೆಯಾ ಅಂತ ಯುಜಿಸಿ ಪಟ್ಟಿಯಲ್ಲಿ ನೋಡಿಯೇ ದುಡ್ಡು ಕಟ್ಟಿ. ಕೆಎಸ್‌ಒಯುಗೇ ನಡುವೆ ಕೆಲವು ವರ್ಷ ಮಾನ್ಯತೆ ಇರಲಿಲ್ಲ, 2018ರಲ್ಲಿ ಮತ್ತೆ ಬಂತು. ಆ ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ನಾವೆಲ್ಲ ನೋಡಿದ್ದೇವೆ.

ದೂರಶಿಕ್ಷಣ ಸುಲಭ ಅಂದುಕೊಳ್ಳಬೇಡಿ. ಯಾರೂ ಹಾಜರಿ ಕೇಳುವುದಿಲ್ಲ ಅನ್ನುವುದೇ ಅದರ ಕಷ್ಟ. ಪುಸ್ತಕ ಬಂದು ಅಟ್ಟದ ಮೇಲೆ ಕೂರುತ್ತದೆ. ಮಕ್ಕಳು ಮಲಗಿದ ಮೇಲೆ ನಾನು ದಿನಾ ಒಂದು ಗಂಟೆ ಅಡುಗೆಮನೆ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತೇನೆ. ಹಾಲ್‌ನಲ್ಲಿ ಕೂತರೆ ಯಾರಾದರೂ ಏನಾದರೂ ಕೇಳುತ್ತಾರೆ. ಅಡುಗೆಮನೆಯ ಲೈಟ್ ಉರಿಯುತ್ತಿದ್ದರೆ ಕೆಲಸದಲ್ಲಿ ಇದ್ದಾಳೆ ಅಂತ ಸುಮ್ನೆ ಇರುತ್ತಾರೆ.

ಲಾ ಓದುವ ಆಸೆ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಬ್ಯಾಂಕಿನಲ್ಲಿ ಇದ್ದೇನೆ. ಮೂರು ವರ್ಷದ ಎಲ್‌ಎಲ್‌ಬಿಯನ್ನು ಕೆಲಸದ ಜೊತೆ ಮಾಡಬಹುದಾ? ಮೊದಲು ಸಂಜೆ ಲಾ ಕಾಲೇಜು ಇದ್ದವು ಅಂತ ಕೇಳಿದ್ದೇನೆ.

ಕಪ್ಪು ಕೋಟು
ಕಷ್ಟ ಸರ್. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ 70% ಹಾಜರಿ ಬೇಕು, ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೆ ನಡೆಯಬೇಕು. ಹಳೇ ಸಂಜೆ ಎಲ್‌ಎಲ್‌ಬಿ ಮುಚ್ಚಿಹೋದದ್ದು ಇದರಿಂದಲೇ. 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತೋಲೆ ಬಂತು. ಓದುವಾಗ ಕೆಲಸದಲ್ಲಿ ಇದ್ದೀರಾ ಅಂತ ಘೋಷಣೆ ಕೊಡಬೇಕು, ಇದ್ದರೆ ಕೆಲಸದ ಜಾಗದಿಂದ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಬೆಳಿಗ್ಗೆ ಬೇಗ ತರಗತಿ ಮುಗಿಸುವ ಕಾಲೇಜು ಸಿಕ್ಕಿ, ಬ್ಯಾಂಕು ಲಿಖಿತ ಅನುಮತಿ ಕೊಟ್ಟರೆ ಮಾತ್ರ ಯೋಚನೆ ಮಾಡಿ. ಮುಚ್ಚಿಟ್ಟು ಓದಬೇಡಿ. ವಕೀಲಿ ಸನ್ನದಿಗೆ ಅರ್ಜಿ ಹಾಕುವ ದಿನ ಅದು ಎದುರಿಗೆ ಬಂದು ನಿಲ್ಲುತ್ತದೆ. ಹೆಚ್ಚಿನದಕ್ಕೆ ಬೇರೆ ಚರ್ಚೆ ಶುರು ಮಾಡಿ, ಬರೆಯುತ್ತೇನೆ.

ಜರ್ಮನಿಯಿಂದ
ಇಲ್ಲಿನ ಒಂದು ಮಾತು ಸೇರಿಸುತ್ತೇನೆ. ಹೊರದೇಶಕ್ಕೆ ಬಂದರೆ ದುಡಿಯುತ್ತಾ ಓದಬಹುದು ಅಂತ ಬಹಳ ಜನ ನಂಬಿ ಬರುತ್ತಾರೆ. ಪೂರ್ತಿ ಕೆಲಸಕ್ಕೆ ಇಲ್ಲಿ ಕಾನೂನೇ ಬಿಡುವುದಿಲ್ಲ. ಜರ್ಮನಿಯಲ್ಲಿ ಹೊರಗಿನ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೇ 280 ಅರ್ಧ ದಿನ. ಇದು 2024ರ ಮಾರ್ಚ್‌ನಿಂದ, ಅದಕ್ಕೂ ಮೊದಲು 120 ದಿನ ಇತ್ತು. ಆಸ್ಟ್ರೇಲಿಯಾದಲ್ಲಿ ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆ. ಕೆನಡಾದಲ್ಲಿ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ನಾನು ಶನಿವಾರ, ಭಾನುವಾರ ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಿದ್ದೆ. ಬಾಡಿಗೆ, ಊಟಕ್ಕೆ ಆಗುತ್ತಿತ್ತು, ಊರಿಗೆ ಕಳಿಸಲು ಏನೂ ಉಳಿಯುತ್ತಿರಲಿಲ್ಲ. ಊರಿಗೆ ತಿಂಗಳು ತಿಂಗಳು ಕಳಿಸಲೇಬೇಕಾದವರು ಇದನ್ನು ತಿಳಿದುಕೊಂಡು ಬನ್ನಿ.

ಪೀಣ್ಯ ಡಿಪ್ಲೊಮಾ
ಎಲ್ಲರಿಗೂ ಧನ್ಯವಾದ. ಫಿಟ್ಟರ್ ಸರ್, ನೀವು ಹೇಳಿದ ಮೂರೂವರೆ ಗಂಟೆಯ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಶಾಪಿನಲ್ಲೂ ಹಾಗೇ ಆಗುತ್ತದೆ.

ಸಂಜೆ ಬಿಇ ಅಂದರೆ ನನಗೆ ಮೂರು ಭಯ. ಒಂದು, ಅದಕ್ಕೆ ಬೆಲೆ ಇದೆಯಾ? ಎರಡು, ಫಸ್ಟ್ ಶಿಫ್ಟ್ ಎಲ್ಲರಿಗೂ ಬೇಕು, ನನಗೊಬ್ಬನಿಗೇ ಖಾಯಂ ಯಾಕೆ ಕೊಡುತ್ತಾರೆ? ಮೂರು, ನೈಟ್ ಅಲೋಯೆನ್ಸ್ ಹೋಗುತ್ತದೆ.

ಎಚ್‌ಆರ್ ತುಮಕೂರು
ಎರಡನೆಯದರಿಂದ ಶುರು ಮಾಡುತ್ತೇನೆ. ನಾನು ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಎಚ್‌ಆರ್. ಇಂಥ ಅರ್ಜಿಗಳು ನನ್ನ ಟೇಬಲ್‌ಗೆ ಬರುತ್ತವೆ.

ಬಾಯಿಮಾತಿನಲ್ಲಿ ಸೂಪರ್‌ವೈಸರ್ ಹತ್ತಿರ "ಸರ್ ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದರೆ ಆ ಸೂಪರ್‌ವೈಸರ್ ಇರುವವರೆಗೆ ಮಾತ್ರ ನಡೆಯುತ್ತದೆ. ಅವರು ಬಿಟ್ಟ ದಿನ ನಿಮ್ಮ ಕಾಲೇಜೂ ನಿಂತಿತು. ಬರೆದು ಕೊಡಿ. ಮೊದಲು ನಿಮ್ಮ ಜೊತೆ ಶಿಫ್ಟ್ ಬದಲಿಸಿಕೊಳ್ಳಲು ಒಪ್ಪುವ ಒಬ್ಬಿಬ್ಬರನ್ನು ಹುಡುಕಿ. ನೈಟ್ ಅಲೋಯೆನ್ಸ್ ಬೇಕಾದವರು ಪ್ರತಿ ಶಾಪಿನಲ್ಲೂ ಇರುತ್ತಾರೆ, ಮದುವೆ ಸಾಲ ಇರುವವರು, ಮನೆ ಕಟ್ಟುತ್ತಿರುವವರು. ಅವರ ಒಪ್ಪಿಗೆ ಜೊತೆಗೆ ಹೋದರೆ ಮೇಲಿನವರು ಇಲ್ಲ ಅನ್ನುವುದು ಕಡಿಮೆ. ಅವರಿಗೆ ಬೇಕಾದದ್ದು ಶಿಫ್ಟ್ ಖಾಲಿ ಬೀಳದಿರುವುದು, ಅಷ್ಟೇ.

ಅರ್ಜಿಯಲ್ಲಿ ಕಷ್ಟ ಹೇಳಿಕೊಳ್ಳುತ್ತಾ ಹೋಗಬೇಡಿ. ಯಾವ ಕೋರ್ಸ್, ಎಷ್ಟು ವರ್ಷ, ತರಗತಿ ಎಷ್ಟರಿಂದ ಎಷ್ಟರವರೆಗೆ, ಯಾರು ಶಿಫ್ಟ್ ಬದಲಿಸಿಕೊಳ್ಳುತ್ತಾರೆ, ಪರೀಕ್ಷೆ ಇಲ್ಲದ ತಿಂಗಳಲ್ಲಿ ನೀವು ಏನು ಹೆಚ್ಚು ಮಾಡಬಲ್ಲಿರಿ ಅಂತ ಬರೆಯಿರಿ. ಒಂದು ಪ್ರತಿಗೆ ಸೀಲ್ ಹಾಕಿಸಿ ಇಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ನೀವು ಕಂಪನಿ ರೋಲ್‌ನಲ್ಲಿ (ಕಂಪನಿಯ ನೌಕರರ ಪಟ್ಟಿಯಲ್ಲಿ) ಇದ್ದೀರಾ, ಕಂಟ್ರಾಕ್ಟರ್ ರೋಲ್‌ನಲ್ಲಿ ಇದ್ದೀರಾ? ಅನುಭವ ಪತ್ರ ಕೊಡುವವರು ಯಾರು ಅನ್ನುವುದು ಅದರ ಮೇಲೆ ನಿಂತಿದೆ. ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಸ್ಲಿಪ್, ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡ್ ಎಲ್ಲದರ ಪ್ರತಿ ಈಗಲೇ ಜೋಡಿಸಿ. ಸೀಟು ಸಿಕ್ಕ ಮೇಲೆ ಹುಡುಕಲು ಹೊರಟರೆ ದಿನ ಸಾಲುವುದಿಲ್ಲ.

ಬೆಲೆ ವಿಚಾರ. ನಾನು ಆಳು ತೆಗೆದುಕೊಳ್ಳುವವನಾಗಿ ಹೇಳುತ್ತೇನೆ. ಹೊಸದಾಗಿ ಬಿಇ ಮುಗಿಸಿ ಬಂದವನಿಗೆ ಡ್ರಾಯಿಂಗ್ ಕೊಟ್ಟು ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು) ಕೇಳಿದರೆ ಪುಸ್ತಕದ ಉತ್ತರ ಕೊಡುತ್ತಾನೆ. ಐದು ವರ್ಷ ಶಾಪಿನಲ್ಲಿ ಇದ್ದು ಸಂಜೆ ಬಿಇ ಮಾಡಿದವನು, ಆ ಪೀಸ್ ಯಾಕೆ ರಿಜೆಕ್ಟ್ ಆಯಿತು ಅಂತ ಹೇಳುತ್ತಾನೆ. ನಾನು ಎರಡನೆಯವನನ್ನು ತೆಗೆದುಕೊಳ್ಳುತ್ತೇನೆ. ಎಲ್ಲಾ ಕಂಪನಿಯೂ ಹೀಗೆ ಅಂತ ಭರವಸೆ ಕೊಡಲಾರೆ. ಕ್ಯಾಂಪಸ್ ಸೆಲೆಕ್ಷನ್ ಸಂಜೆಯವರಿಗೆ ಹಗಲಿನವರ ಹಾಗೆ ಇರುವುದಿಲ್ಲ, ಅದನ್ನೂ ತಿಳಿದಿರಿ.

ನೈಟ್‌ಶಿಫ್ಟ್ ಬಿಕಾಂ
ಅಲೋಯೆನ್ಸ್ ಬಗ್ಗೆ ನಾನು ಹೇಳುತ್ತೇನೆ. ಮನೆಗೆ ಕಳಿಸುವ ದುಡ್ಡನ್ನು ಮೊದಲ ದಿನವೇ ಕಳಿಸಿಬಿಡಿ, ಉಳಿದದ್ದರಲ್ಲಿ ಬದುಕು ನಡೆಸಿ. ರೂಮನ್ನು ಫ್ಯಾಕ್ಟರಿಗಾಗಲಿ ಕಾಲೇಜಿಗಾಗಲಿ ನಡೆದು ಹೋಗುವ ಹಾಗೆ ಮಾಡಿಕೊಳ್ಳಿ. ಎರಡು ಕಡೆ ಬಸ್ ಹತ್ತುವ ಬದಲು ಒಂದು ಕಡೆ. ಬಾಡಿಗೆ 500 ಜಾಸ್ತಿ ಆದರೂ ಪರವಾಗಿಲ್ಲ, ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ಕಾಲೇಜು ಹಸಿರು ಮಾರ್ಗದ ಮೆಟ್ರೊ ದಾರಿಯಲ್ಲಿ ಇದ್ದರೆ ಇನ್ನೂ ಒಳ್ಳೆಯದು, ಪೀಣ್ಯದಿಂದ ನೇರ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮೊದಲ ತರಗತಿ ತಪ್ಪುವುದಿಲ್ಲ. ಬಸ್ಸಾದರೆ ಸಂಜೆ ಕಾಲೇಜಿನವರಿಗೂ ವಿದ್ಯಾರ್ಥಿ ಪಾಸ್ ಇದೆ, ಕಾಲೇಜಿನಲ್ಲಿ ವಿಚಾರಿಸಿ.

ಅಡುಗೆ ಮಾಡಿಕೊಳ್ಳಲು ಹೋಗಬೇಡಿ. ಮೆಸ್ ಮಾಡಿಕೊಳ್ಳಿ. ಈ ಮೂರು ವರ್ಷ ಉಳಿಸಬೇಕಾದದ್ದು ಹೊತ್ತು.

ಹಾವೇರಿ ಅಕ್ಕ
ಮನೆಯವರಿಗೂ ಹೇಳು ತಮ್ಮಾ. ಊರಲ್ಲಿ ಎಲ್ಲಾ ಮದುವೆಗೂ, ಹಬ್ಬಕ್ಕೂ ನೀನು ಬರುತ್ತೀಯ ಅಂತ ಕಾಯುತ್ತಿರುತ್ತಾರೆ. ಯುಗಾದಿಗೆ ಬರುತ್ತೇನೆ, ಗೌರಿ ಹಬ್ಬಕ್ಕೆ ಆಗುವುದಿಲ್ಲ ಅಂತ ಮೊದಲೇ ಹೇಳಿದರೆ ಅವರಿಗೆ ಬೇಜಾರಾಗುವುದಿಲ್ಲ. ಹೇಳದೆ ತಪ್ಪಿಸಿದರೆ, ಹುಡುಗ ಬೆಂಗಳೂರು ಸೇರಿ ಬದಲಾದ ಅನ್ನುತ್ತಾರೆ. ಆ ಮಾತು ಓದುವವರ ಮನಸ್ಸನ್ನು ಬಹಳ ಕೊರೆಯುತ್ತದೆ. ತಂಗಿಗೆ ವಿದ್ಯಾರ್ಥಿವೇತನ ಸಿಗುತ್ತಿದೆಯಾ? ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸು. ಅಲ್ಲಿ ಸ್ವಲ್ಪ ಬಂದರೂ ನಿನ್ನ ಮೇಲಿನ ಭಾರ ಇಳಿಯುತ್ತದೆ.

ಪೀಣ್ಯ ಡಿಪ್ಲೊಮಾ
ತಂಗಿಗೆ ಅರ್ಜಿ ಹಾಕಿಲ್ಲ ಅಕ್ಕ, ಈ ವಾರವೇ ಹಾಕಿಸುತ್ತೇನೆ.

ಶಾಪಿನಲ್ಲಿ ಮಾತಾಡಿದೆ. ಇಬ್ಬರು ಶಿಫ್ಟ್ ಬದಲಿಸಿಕೊಳ್ಳಲು ಒಪ್ಪಿದ್ದಾರೆ. ಒಬ್ಬರಿಗೆ ಅಲೋಯೆನ್ಸ್ ಬೇಕು, ಇನ್ನೊಬ್ಬರಿಗೆ ಹಗಲು ಮಗುವನ್ನು ನೋಡಿಕೊಳ್ಳಬೇಕು. ಪ್ರೊಡಕ್ಷನ್ ಮ್ಯಾನೇಜರ್ "ಬರೆದುಕೊಡು, ತಿಂಗಳ ಕೊನೆಯ ಡಿಸ್‌ಪ್ಯಾಚ್ ದಿನಗಳಲ್ಲಿ ಮಾತ್ರ ನಿಲ್ಲಬೇಕಾಗುತ್ತದೆ" ಅಂದರು. ನಾನು ಕಂಪನಿ ರೋಲ್‌ನಲ್ಲೇ ಇದ್ದೇನೆ. ಆಪ್ಷನ್ ಎಂಟ್ರಿಯಲ್ಲಿ ಸಂಜೆ ಸೀಟುಗಳನ್ನೇ ಮೊದಲು ಹಾಕುತ್ತೇನೆ. ಈ ವರ್ಷ ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಡಿಸಿಇಟಿ ಬರೆಯುತ್ತೇನೆ. ಹಗಲು ಸೀಟು ತೆಗೆದುಕೊಳ್ಳುವುದಿಲ್ಲ.

ಡಿಸ್‌ಪ್ಯಾಚ್ ದಿನಗಳಿಗೆ ಒಪ್ಪಿಕೊಳ್ಳಲಾ?

ಎಚ್‌ಆರ್ ತುಮಕೂರು
ಒಪ್ಪಿಕೊಳ್ಳಿ, ಆದರೆ ತಿಂಗಳಿಗೆ ಎರಡು ದಿನ ಅಂತ ಮಿತಿ ಬರೆಸಿ. "ಅಗತ್ಯ ಬಿದ್ದಾಗ" ಅಂತ ಬರೆಯಬೇಡಿ, ಅಗತ್ಯ ದಿನಾ ಬೀಳುತ್ತದೆ. ಟೆಸ್ಟ್ ಇರುವ ದಿನಗಳನ್ನು ಬಿಟ್ಟು ಅಂತಲೂ ಸೇರಿಸಿ.

ಲ್ಯಾಬ್ ಮೇಷ್ಟ್ರು
ತಿಂಗಳಿಗೆ ಎರಡು ದಿನ ಅಂದರೆ ಸೆಮಿಸ್ಟರಿಗೆ ಎಂಟು ಹತ್ತು ದಿನ. ಎರಡೂ ದಿನ ಸೋಮವಾರವೇ ಅಥವಾ ಮಂಗಳವಾರವೇ ಅನ್ನುವ ಹಾಗೆ ಬೀಳದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಂದೇ ವಿಷಯಕ್ಕೆ ಹೊಡೆತ ಬೀಳುತ್ತದೆ. ವೇಳಾಪಟ್ಟಿ ಬಂದ ದಿನವೇ ಲ್ಯಾಬ್ ಯಾವ ಸಂಜೆ ಅಂತ ಗುರುತು ಹಾಕಿ, ಆ ಸಂಜೆ ಏನೇ ಆದರೂ ಕಾಲೇಜಿನಲ್ಲಿ ಇರಿ.

ತರಗತಿ ಶುರುವಾಗುವ ಮುಂಚೆ ಗಣಿತ ಹಿಡಿಯಿರಿ. ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬರುವವರು ಮೊದಲು ಎಡವುವುದು ಅಲ್ಲೇ. ಮೊದಲ ವರ್ಷದ ಗಣಿತ ನೀವು ಓದಿರುವುದಿಲ್ಲ, ಮೇಷ್ಟ್ರು ಓದಿದ್ದೀರಿ ಅಂದುಕೊಂಡು ಮುಂದೆ ಹೋಗುತ್ತಾರೆ. ಡಿಪ್ಲೊಮಾದ ಇಂಟಿಗ್ರೇಷನ್, ಡಿಫರೆನ್ಸಿಯೇಷನ್ ಮತ್ತೆ ತೆಗೆಯಿರಿ, ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್. ದಿನಾ ಐದು ಲೆಕ್ಕ ಕೈಯಲ್ಲೇ ಮಾಡಿ, ವಿಡಿಯೊ ನೋಡಿ ಬಿಡಬೇಡಿ. ಸಿಕ್ಕಿಕೊಂಡ ಲೆಕ್ಕದ ಫೋಟೊ ಇಲ್ಲೇ ಹಾಕಿ. ರಾತ್ರಿ ಊಟ ಆದ ಮೇಲೆ ನಾನು ನೋಡುತ್ತೇನೆ.